ಪೆರಾಶೋಂ ಮನೆಯ ದಿವಾನಖಾನೆ

ಎದ್ಮೆಯ ಹಳೆಯ ಗಂಡನನ್ನು ಕಟ್ಟಿಕೊಂಡವಳು ನಮ್ಮ ಅಂಗಡಿಗೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ನಾನು ಕಿಟಕಿ ಪಕ್ಕ ಕೂತು ಪರದೆಗೆ ಅಂಚು ಹೊಲಿಯುತ್ತಿದ್ದೆ. ಫ್ರಾನ್ಸಿನ ಲಿಯೋನಿನಲ್ಲಿ, ಹಳೆಯ ಕುರ್ಚಿ ಮೇಜು ಮಾರುವವರ ಬೀದಿಯಲ್ಲಿ, ಎದ್ಮೆಯೂ ನಾನೂ ಸೇರಿ ಅಂಗಡಿ ನಡೆಸುತ್ತಿದ್ದೆವು. ಯಾರ ಮನೆಗೆ ಯಾವ ರಾಜನ ಕಾಲದ ಸಾಮಾನು ಒಪ್ಪುತ್ತದೆಂದು ನೋಡಿ, ಹುಡುಕಿ ತಂದು, ಕೋಣೆ ಸಜ್ಜು ಮಾಡುವುದು ಎದ್ಮೆಯ ಕೆಲಸ. ಪರದೆ, ಮೆತ್ತೆ, ಹೊಲಿಗೆ ನನ್ನದು. ಊರಿನ ಅರ್ಧ ಜನ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕುರ್ಚಿಗೆ ಮರುಳಾಗಿದ್ದ ಕಾಲ ಅದು. ಆದರೆ ರೇಷ್ಮೆ ವ್ಯಾಪಾರಿಗಳ ಮನೆಗಳಲ್ಲಿ ಇನ್ನೂ ಲೂಯಿ ರಾಜರ ಕಾಲದ ಕುರ್ಚಿಗಳೇ ಆಳುತ್ತಿದ್ದವು.

ಬಂದವಳು ಗಿಲೆನ್. ಎದ್ಮೆಗಿಂತ ತುಂಬಾ ಚಿಕ್ಕವಳು. ಕೈಗವಸು ತೆಗೆಯಲಿಲ್ಲ, ಕೂರಲೂ ಇಲ್ಲ.

"ನಾನು ಯಾರು ಅಂತ ಗೊತ್ತಲ್ಲ, ಮದಾಮ್?"

"ಗೊತ್ತು. ನನ್ನ ಮಂಚದ ಮೇಲೆ ಮಲಗೋರು."

"ಮಂಚ ಬದಲಾಯಿಸಿ ಆಯ್ತು. ಈಗ ದಿವಾನಖಾನೆ ಬದಲಾಯಿಸ್ಬೇಕು. ಅದಕ್ಕೇ ಬಂದೆ."

ನನ್ನ ಕೈಯಲ್ಲಿ ಸೂಜಿ ನಿಂತೇ ಹೋಯಿತು. ಆ ದಿವಾನಖಾನೆ ಎದ್ಮೆ ಕೈಯಾರೆ ಮಾಡಿದ್ದು. ಮದುವೆಯಾದ ಹೊಸದರಲ್ಲಿ ಪ್ರತಿ ಭಾನುವಾರ ಹಳೇ ಸಾಮಾನಿನ ಸಂತೆ ಸುತ್ತಿ, ಹದಿನೈದನೇ ಲೂಯಿ ಕಾಲದ ಬಾಗಿದ ಕಾಲಿನ ಆರಾಮಕುರ್ಚಿಗಳನ್ನು ಒಂದೊಂದಾಗಿ ಕೂಡಿಸಿದ್ದಳು. ಗೋಡೆಗೆ ಒತ್ತಿ ಇಡದೆ ಅವನ್ನು ಕೋಣೆಯ ನಡುವೆ ದುಂಡಗೆ ಹರಡಿದ್ದಳು. ಅಲ್ಲಿ ಕೂತವರು ಮಾತಿಗೆ ಬಿದ್ದರೆ ಏಳುತ್ತಿರಲಿಲ್ಲ.

"ಬೇರೆ ಅಲಂಕಾರದವರು ಸಿಗಲಿಲ್ವಾ?" ಎಂದಳು ಎದ್ಮೆ.

"ಬೇಕಾದಷ್ಟು ಜನ ಇದಾರೆ. ಆದ್ರೆ ನಮ್ಮ ಮನೆಗೆ ಬಂದವರೆಲ್ಲಾ 'ಎದ್ಮೆಗೆ ಏನು ಅಭಿರುಚಿ' ಅಂತಾರೆ. ನನ್ನ ಕೈಯ ಕಾಫಿ ಕುಡೀತಾನೇ ಅಂತಾರೆ. ಆ ಕುರ್ಚಿಗಳನ್ನ ನೀವೇ ಎತ್ತಿ ಹೊರಗೆ ಹಾಕೋದನ್ನ ನಾನು ನೋಡ್ಬೇಕು."

ಎದ್ಮೆ ಅವಳನ್ನು ಬೈದು ಕಳಿಸುತ್ತಾಳೆ ಅಂದುಕೊಂಡೆ.

"ಆಗಲಿ," ಅಂದಳು. "ಆದ್ರೆ ಕೆಲಸ ಮುಗಿಯೋವರೆಗೂ ನೀವು ಬಾಯಿ ಹಾಕಬಾರದು."

"ಹಾಕಲ್ಲ."

ಗಿಲೆನ್ ಹೋದ ಮೇಲೆ ನಾನು ಪರದೆ ಕೆಳಗಿಟ್ಟೆ. "ತಲೆ ಕೆಟ್ಟಿದೆಯೇನೆ ನಿನಗೆ?"

"ಜೋರ್ಜೆತ್, ನೆಪೋಲಿಯನ್ ಕಾಲದ ಕುರ್ಚಿ ಮೇಲೆ ನೀನು ಯಾವತ್ತಾದ್ರೂ ನೆಮ್ಮದಿಯಾಗಿ ಕೂತಿದೀಯಾ?"

"ಇಲ್ಲ."

"ಯಾರೂ ಕೂತಿಲ್ಲ. ಅದು ಹರಟೆ ಹೊಡೆಯೋ ಜನಕ್ಕೆ ಮಾಡಿದ್ದಲ್ಲ. ಬಂದವರು ಬೆನ್ನು ನೆಟ್ಟಗೆ ಮಾಡ್ಕೊಂಡು, ಎದುರಿಗಿರೋನು ದೊಡ್ಡವನು ಅಂತ ಒಪ್ಕೊಂಡು, ಬೇಗ ಎದ್ದು ಹೋಗಲಿ ಅಂತ ಮಾಡಿದ್ದು. ಅವಳಿಗೆ ಅದನ್ನೇ ಕೊಡ್ತೀನಿ. ಒಂದು ಮನೆಗೆ ಸಾಲುವಷ್ಟು ಕೆತ್ತಿದ ಹದ್ದು, ಸಿಂಹಿಣಿ, ಕಂಚಿನ ಹಾರ. ಆ ಮನೇಲಿ ಒಂದು ನಗು ಕೇಳಿಸಬಾರದು."

ಹಾಗೆಯೇ ಮಾಡಿದಳು. ಅಂಥ ಹಟದಿಂದ ಅವಳು ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಕೆಂಪುಗಪ್ಪು ಮಹಾಗನಿ ಮರದ ಕುರ್ಚಿಗಳು, ಒಂದಕ್ಕೂ ಬಾಗು ಬಳುಕು ಇಲ್ಲ. ಕೈಯಿಡುವ ಕಡೆಯಲ್ಲೆಲ್ಲಾ ಹೆಂಗಸಿನ ಮುಖದ ಸಿಂಹಗಳು. ಶವಪೆಟ್ಟಿಗೆಯಂಥ ಒಂದು ಸೋಫಾ. ಗೋಡೆಗೆ ಪಾಚಿ ಹಸಿರು ರೇಷ್ಮೆ. ಮೆತ್ತೆಗೆ ಕುದುರೆ ಕೂದಲನ್ನು ಇನ್ನೂ ಒತ್ತಿ ತುಂಬು, ಇನ್ನೂ ಒತ್ತು ಎಂದು ನನ್ನ ತಲೆಯ ಮೇಲೆ ನಿಂತಿದ್ದಳು. ಮುಗಿದಾಗ ಬೆರಳು ಮಡಿಸಿ ತಟ್ಟಿದರೆ ಬಾಗಿಲು ತಟ್ಟಿದ ಹಾಗೆ ಸದ್ದಾಗುತ್ತಿತ್ತು.

ಹಳೆಯ ಕುರ್ಚಿಗಳನ್ನು ಇಳಿಸಿದ ದಿನ ಗಿಲೆನ್ ಹೇಳಿದ ಮಾತಿಗೆ ತಪ್ಪದೆ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡಿದಳು. ಎದ್ಮೆಯ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಮಾತ್ರ, ಗಿಲೆನ್ ಕಣ್ಣಿಗೆ ಬೀಳದ ಕಡೆ, ಒಂದು ಕುರ್ಚಿಯನ್ನು ಇಳಿಸಿ ಅದರ ಕೈಹಿಡಿಯ ಮೇಲೆ ಅಂಗೈ ಇಟ್ಟು ನಿಂತಳು. ನಾನು ಹತ್ತಿರ ಹೋದೆ.

"ನಡಿ, ನಡಿ," ಎಂದು ನನ್ನನ್ನೇ ಗದರಿದಳು.

ಹೊಸ ದಿವಾನಖಾನೆಗೆಂದು ಗಿಲೆನ್ ಒಂದು ಮಧ್ಯಾಹ್ನದ ಕೂಟ ಇಟ್ಟುಕೊಂಡಳು. ನಮ್ಮನ್ನೂ ಕರೆದಳು. ಹಳೆಯ ಹೆಂಡತಿಯೇ ಹೊಸಬಳ ಮನೆ ಸಜ್ಜು ಮಾಡಿದ್ದಾಳೆಂದು ಊರಿಗೆ ತೋರಿಸಬೇಕಿತ್ತಲ್ಲ. ಎದ್ಮೆ ತನ್ನ ಅತಿ ಒಳ್ಳೆಯ ಬೂದು ಬಣ್ಣದ ಸೂಟು ತೊಟ್ಟು ಹೊರಟಳು.

ಬಾಗಿಲು ತೆಗೆದವನು ಲ್ಯುಸ್ಯೆಂ ಪೆರಾಶೋಂ, ಎದ್ಮೆಯ ಹಳೆಯ ಗಂಡ. ರೇಷ್ಮೆ ವ್ಯಾಪಾರಿ. ಮೃದು ಮಾತಿನ ಮನುಷ್ಯ, ಯಾರೊಂದಿಗೂ ದನಿ ಏರಿಸಿದವನಲ್ಲ. ಇಬ್ಬರಿಗೂ ಕೆನ್ನೆಗೆ ಮುತ್ತಿಟ್ಟ.

"ನಾನೇ ಅವಳನ್ನ ನಿನ್ನ ಹತ್ರ ಕಳಿಸಿದ್ದು, ಎದ್ಮೆ. ಹೋಗಿ ಎದ್ಮೆನ ಕೇಳು, ಅವಳಷ್ಟು ಚೆನ್ನಾಗಿ ನಿನಗೆ ಬರಲ್ಲ ಅಂದೆ. ಒಳ್ಳೇದೇ ಆಯ್ತು ನೋಡು. ಈಗ ಎಲ್ಲಾರೂ ಸ್ನೇಹಿತರು."

ಎದ್ಮೆ ಅವನ ಮುಖವನ್ನು ನೋಡಿ ಒಳಗೆ ನಡೆದಳು.

ಕೂಟ ಎದ್ಮೆ ಬಯಸಿದಂತೆಯೇ ಹಾಳಾಯಿತು. ಬಂದವರು ಕೂತರು, ಜರುಗಿದರು, ಮತ್ತೆ ಜರುಗಿದರು. ನೋಟರಿಯ ದಪ್ಪ ಹೆಂಡತಿ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹೋಗಿ, ಕೊನೆಗೆ ಸೊಂಟ ಹಿಡಿದುಕೊಂಡು ನಿಂತುಬಿಟ್ಟಳು. ಪಿಸುಮಾತು ಬಿಟ್ಟರೆ ಮಾತಿಲ್ಲ. ತಟ್ಟೆಗಳಲ್ಲಿ ಬಾದಾಮಿ ಪಾಕದ ಕೆಂಪು ಕಡುಬು ಅರ್ಧಂಬರ್ಧ ಉಳಿಯಿತು. ಒಬ್ಬೊಬ್ಬರಾಗಿ ಕೆಲಸ ನೆನಪಾಗಿ ಎದ್ದರು. ಗಿಲೆನ್ ಬಾಗಿಲವರೆಗೆ ಹೋಗಿ ಬರುವಳು, ಮತ್ತೆ ಹೋಗುವಳು. ಕೆನ್ನೆ ಕೆಂಪೇರಿತ್ತು.

ಇನ್ನೂ ಕೆಲವರು ಕೋಟು ತೊಡುತ್ತಿರುವಾಗಲೇ ಲ್ಯುಸ್ಯೆಂ ನಗುತ್ತಾ ಹೆಂಡತಿಗೆ ಹೇಳಿದ, "ಎದ್ಮೆ ಇದ್ದಾಗ ಇವರನ್ನ ಕಳಿಸೋಕೆ ನಾನು ಗಡಿಯಾರ ತೋರಿಸ್ಬೇಕಿತ್ತು."

ಎದ್ಮೆ ಗಿಲೆನ್‌ಳ ಮುಖ ಬಾಡುವುದನ್ನು ನೋಡಲೆಂದೇ ಅಷ್ಟೆಲ್ಲಾ ದುಡಿದವಳು. ನೋಡಿದಳು. ಆದರೆ ಎದ್ಮೆಯ ಮುಖದಲ್ಲಿ ಗೆದ್ದ ಕಳೆ ನನಗೆ ಕಾಣಲಿಲ್ಲ. ಹೊರಗಿನವರೆಲ್ಲ ಹೋಗಿ ಬಾಗಿಲು ಮುಚ್ಚಿದ ಮೇಲೆ ಅವಳು ಲ್ಯುಸ್ಯೆಂ ಕಡೆ ತಿರುಗಿದಳು.

"ನಾನು ಈ ಮನೆಗೆ ಬಂದಾಗ ಇಲ್ಲಿ ನಿನ್ನಮ್ಮನ ಸಾಮಾನಿತ್ತು. ಹದಿಮೂರನೇ ಲೂಯಿ ಕಾಲದ್ದು. ಹಗ್ಗದ ಹಾಗೆ ತಿರುಚಿದ ಕಾಲಿನ ಓಕ್ ಮೇಜು, ಕೋಟೆ ಬಾಗಿಲಿನಂಥಾ ಬೀರು. ನೆನಪಿದೆಯಾ?"

"ಅಮ್ಮನ ಮೇಜು ಮರೆಯೋಕಾಗುತ್ತಾ," ಎಂದ ಲ್ಯುಸ್ಯೆಂ ಪ್ರೀತಿಯಿಂದ.

"ಅದನ್ನ ಹೊರಗೆ ಹಾಕಿ ನನ್ನ ಕುರ್ಚಿ ಇಟ್ಟ ದಿನ ನೀನು ಏನಂದೆ? 'ಅಮ್ಮನ ಮೇಜಿನ ಮೇಲೆ ಊಟ ಮಾಡಿದ್ರೆ ಊಟ ಮಾಡಿದ ಹಾಗಿರ್ತಿತ್ತು' ಅಂದೆ. ಇದೇ ನಗು ನಕ್ಕು ಅಂದೆ. ಮೇಜು ಬೇಡ ಅಂತ ನನಗೆ ಹೇಳಿಕೊಟ್ಟೋನೂ ನೀನೇ. ಅತ್ತೆ ಸಾಯೋವರೆಗೂ ನನ್ನ ಮುಖ ನೋಡಲಿಲ್ಲ."

"ನಾನೇನು ಕೆಟ್ಟದ್ದು ಹೇಳಿದೆ? ನಾನು ಯಾರಿಗೂ ಯಾವತ್ತೂ ಏನೂ ಅಂದೋನಲ್ಲ."

"ಹೌದು. ಬೇರೆಯವರ ಕೈಲಿ ಅನ್ನಿಸ್ತೀಯ."

ಗಿಲೆನ್ ನಡುವೆ ಬಂದು ನಿಂತಳು. ಅವಳು ನಮ್ಮ ಪಕ್ಷ ಹಿಡಿಯುತ್ತಾಳೆಂದು ನಾನು ಎಣಿಸಿದ್ದು ತಪ್ಪಾಯಿತು.

"ನನ್ನ ಮನೇಲಿ ನಿಂತು ನನ್ನ ಗಂಡನ್ನ ಬಯ್ಯೋಕೆ ನೀವ್ಯಾರು? ಬಯ್ಯೋದಿದ್ರೆ ನಾನಿದೀನಿ. ನೀವು ಸಾಚಾ ಅಂದ್ಕೊಂಡ್ರಾ? ಈ ಕಲ್ಲಿನ ಕುರ್ಚಿಗಳನ್ನ ಯಾಕೆ ತಂದಿರಿ ಅಂತ ತಿಳೀದಷ್ಟು ದಡ್ಡಿ ಅಲ್ಲ ನಾನು. ಮೊದಲನೇದು ಇಳಿಸಿದಾಗಲೇ ಕೂತು ನೋಡಿದೆ. ಬೆನ್ನು ಹೇಳ್ತು."

"ತಿಳಿದೂ ಯಾಕೆ ಸುಮ್ಮನಿದ್ರಿ?"

"ಬಾಯಿ ಹಾಕಲ್ಲ ಅಂತ ಮಾತು ಕೊಟ್ಟಿದ್ದೆ. ಅಲ್ಲದೆ ಇವರೇನು ಮಾಡ್ತಾರೆ ನೋಡ್ಬೇಕಿತ್ತು. ಎಲ್ಲಾರೆದುರು ನನ್ನ ಪರ ಒಂದು ಮಾತು, ಒಂದೇ ಮಾತು, ಆಡ್ತಾರಾ ಅಂತ." ಅವಳು ಗಂಡನತ್ತ ತಿರುಗಿದಳು. "ಈಗ ಹೇಳಿ. ಅವರು ಮಾಡಿದ್ದು ಸರಿಯಾ, ತಪ್ಪಾ?"

ಲ್ಯುಸ್ಯೆಂ ಇಬ್ಬರನ್ನೂ ನೋಡಿದ. ಮೇಜಿನ ಮೇಲಿದ್ದ ಕಡುಬಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡ. "ಎರಡೂ ದಿವಾನಖಾನೆ ಚೆನ್ನಾಗೇ ಇವೆ," ಅಂದ. "ಒಂದೊಂದಕ್ಕೆ ಒಂದೊಂದು ಸೊಬಗು."

ಗಿಲೆನ್ ಹೋಗಿ ಮುಂಬಾಗಿಲು ತೆಗೆದಳು. ಎದ್ಮೆಯನ್ನು ಹೊರಗೆ ಕಳಿಸಲೆಂದೇ ತೆಗೆದಳು ಅಂದುಕೊಂಡು ನಾನು ಚೀಲ ಕೈಗೆತ್ತಿಕೊಂಡೆ. ಆದರೆ ಅವಳು ಕೈ ತೋರಿಸಿದ್ದು ಕುರ್ಚಿಗಳ ಕಡೆಗೆ.

"ಹೊರಗೆ ಇಡಿ."

"ಯಾರನ್ನಾದ್ರೂ ಕರೀತೀನಿ, ನಾಳೆ..." ಎಂದ ಲ್ಯುಸ್ಯೆಂ.

"ನೀವೇ ಇಡಿ. ಈಗಲೇ. ಈ ಮನೇಲಿ ಹೊರೋದು, ಇಳಿಸೋದು, ಬೈಸಿಕೊಳ್ಳೋದು ಎಲ್ಲಾ ಹೆಂಗಸರೇ ಮಾಡಿ ಆಯ್ತು."

ಅವನು ನಗಲು ನೋಡಿದ. ಯಾರೂ ನಗದಿದ್ದಾಗ ಒಂದು ಕುರ್ಚಿ ಎತ್ತಿದ. ಮಹಾಗನಿ ಭಾರದ ಮರ, ಮೇಲೆ ಕಂಚು ಬೇರೆ. ಒಳ್ಳೆಯ ಸೂಟಿನಲ್ಲಿದ್ದ ಮನುಷ್ಯ ಬೆವರಿ, ಏದುಸಿರು ಬಿಟ್ಟು, ಒಂದೊಂದನ್ನೇ ಮೆಟ್ಟಿಲ ಬಳಿ ಇಟ್ಟು ಬಂದ. ಎದುರು ಮನೆಯವರು ಬಾಗಿಲು ಸಂದು ಮಾಡಿ ನೋಡಿ ಮುಚ್ಚಿಕೊಂಡರು. ಗಿಲೆನ್ ಒಂದು ಕಿಟಕಿಯ ಬಳಿ, ಎದ್ಮೆ ಇನ್ನೊಂದರ ಬಳಿ ನಿಂತಿದ್ದರು. ಒಬ್ಬರನ್ನೊಬ್ಬರು ನೋಡಲಿಲ್ಲ. ಕುರ್ಚಿಗಳು ಮುಗಿದಾಗ ಅವನು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ.

"ಸೋಫಾನೂ," ಎಂದಳು ಎದ್ಮೆ.

"ನಿಮ್ಮನ್ನ ಯಾರೂ ಕೇಳಲಿಲ್ಲ," ಎಂದಳು ಗಿಲೆನ್. ಆಮೇಲೆ ಗಂಡನಿಗೆ, "ಸೋಫಾನೂ."

ಅದನ್ನು ಅವನು ಎಳೆದುಕೊಂಡೇ ಹೋದ. ಮರದ ನೆಲಕ್ಕೆ ಉದ್ದಕ್ಕೂ ಗೀರು ಬಿತ್ತು. ಕೋಣೆ ಖಾಲಿಯಾದ ಮೇಲೆ ಗಿಲೆನ್ ನಮಗೆ ಬಾಗಿಲು ತೋರಿಸಿ, "ಇನ್ನು ಈ ಮೆಟ್ಟಿಲು ಹತ್ತಬೇಡಿ," ಅಂದಳು. ಎದ್ಮೆ ಸಾಲಾಗಿ ನಿಂತ ಹದ್ದು ಸಿಂಹಗಳ ನಡುವೆ ದಾರಿ ಮಾಡಿಕೊಂಡು ಇಳಿದಳು.

ಆಮೇಲಿನ ಸುದ್ದಿ ಊರಿಂದ ನಮಗೆ ತಲುಪಿತು. ಗಿಲೆನ್ ಆ ಕೋಣೆಯನ್ನು ಬಹಳ ಕಾಲ ಖಾಲಿಯೇ ಬಿಟ್ಟಳಂತೆ. ಬಂದವರನ್ನು ನೆಲದ ಮೇಲೆ ದಿಂಬು ಹಾಕಿ ಕೂರಿಸುತ್ತಿದ್ದಳಂತೆ. ನೋಟರಿಯ ಹೆಂಡತಿಯ ಕಡೆಯವರು ಬರುವುದು ಬಿಟ್ಟರು. ಬೇರೆ ಜನ, ಎಳೆಯ ಜನ, ಬರತೊಡಗಿದರು. ಲ್ಯುಸ್ಯೆಂ ಮೊಣಕಾಲು ನೋವೆಂದು ಗೊಣಗಿ, ಸಂಜೆಗಳನ್ನು ತನ್ನ ಗೋದಾಮಿನಲ್ಲೇ ಕಳೆಯತೊಡಗಿದ. ಒಂದು ಸಲ ನಮ್ಮ ಅಂಗಡಿಗೂ ಬಂದ, ತನಗೊಂದು ಕೋಣೆ ಸಜ್ಜು ಮಾಡಿಕೊಡು ಎಂದು ಕೇಳಲು. ಎದ್ಮೆ ಒಳಗಿಂದಲೇ, "ಅಂಗಡಿ ಮುಚ್ಚಿದೆ ಅನ್ನು," ಅಂದಳು. ಹಗಲು ಹೊತ್ತು, ಬಾಗಿಲು ಹಾರುಹೊಡೆದಿತ್ತು. ನಾನು ಹಾಗೆಯೇ ಹೇಳಿದೆ.

ಇಳಿಸಿ ನಮ್ಮ ಅಂಗಡಿಗೆ ತಂದಿಟ್ಟಿದ್ದ ಹದಿನೈದನೇ ಲೂಯಿಯ ಕುರ್ಚಿಗಳನ್ನು ಎದ್ಮೆ ಆನೆಸಿ ಊರಿನ ಒಬ್ಬ ದಂತವೈದ್ಯೆಗೆ ಮಾರಿಬಿಟ್ಟಳು. ಒಂದನ್ನಾದರೂ ಉಳಿಸಿಕೋ ಅಂದೆ. "ಅತ್ತೆ ಮೇಲಿನ ಹಟಕ್ಕೆ ಅಂತ ಕೊಂಡ ಸಾಮಾನು ಮನೇಲಿಟ್ಟರೆ ನಿದ್ದೆ ಬರಲ್ಲ," ಅಂದಳು. ಅವು ಹೋದ ದಿನ ಹಿಂದಿನ ಕೋಣೆಯಲ್ಲಿ ಬಹಳ ಹೊತ್ತು ಒಬ್ಬಳೇ ಇದ್ದಳು.

ಮುಂದಿನ ವಸಂತದಲ್ಲಿ ನದಿ ದಂಡೆಯ ಸಂತೆಯಲ್ಲಿ ಗಿಲೆನ್ ನಮಗೆ ಎದುರಾದಳು. ಮೇಕೆ ಹಾಲಿನ ಚೀಸ್ ಮಾರುವವಳ ಮುಂದೆ ಅವಳೂ ಎದ್ಮೆಯೂ ಪಕ್ಕಪಕ್ಕ ನಿಲ್ಲಬೇಕಾಯಿತು.

"ನೆಲದ ಗೀರು ಹೋಗಲೇ ಇಲ್ಲ," ಎಂದಳು ಗಿಲೆನ್, ಚೀಸಿನ ಕಡೆ ನೋಡುತ್ತಲೇ.

"ಮೇಣ ಹಚ್ಚಿ ಉಜ್ಜಿ."

"ನಿಮ್ಮ ಸಲಹೆ ಬೇಡ ನನಗೆ. ನಿಮ್ಮನ್ನ ಕಂಡ್ರೆ ಈಗಲೂ ಆಗಲ್ಲ."

"ನನಗೂ ಅಷ್ಟೆ, ಮದಾಮ್."

ಗಿಲೆನ್ ತನ್ನ ಪೊಟ್ಟಣ ತೆಗೆದುಕೊಂಡು ಸೇತುವೆಯ ಕಡೆ ನಡೆದಳು. ಎದ್ಮೆ ಅವಳು ಹೋಗುವುದನ್ನೇ ನೋಡುತ್ತಿದ್ದು, ಅದೇ ಚೀಸ್ ತನಗೂ ಕೊಡಲು ಹೇಳಿದಳು.