ಒದ್ದೆ ಬಟ್ಟೆಯ ಬುಧವಾರ

"ನೊರೀನ್, ಬೇಜಾರು ಮಾಡ್ಕೋಬೇಡಿ. ನೀವು ಸ್ವಲ್ಪ ನಾರ್ತಿದೀರಿ."

ನಾಲ್ಕು ಊರಿನ ಕಸ ಬಂದು ಬೀಳುವ ಕಟ್ಟಡದಲ್ಲಿ ನಿಂತು ಮ್ಯಾನೇಜರು ಕ್ರಿಸ್ಪಿನ್ ನನಗೆ ಈ ಮಾತು ಹೇಳಿದ. ಗಾಜಿನ ಆಚೆ ದೊಡ್ಡ ಹೊಂಡ. ಕೊಳೆತ ಮೀನು, ಮಕ್ಕಳ ಡಯಾಪರು, ಯಾರದೋ ಸತ್ತ ಬೆಕ್ಕು ಎಲ್ಲವನ್ನೂ ಉಕ್ಕಿನ ಪಂಜವೊಂದು ಬಾಚಿ ಬಾಚಿ ಬೆಂಕಿಗೆ ಹಾಕುತ್ತಿತ್ತು. ಗಾಜಿನ ಈಚೆ, ಸಂದರ್ಶಕರ ಕೋಣೆಯಲ್ಲಿ, ನೆಲ ಒರೆಸುವ ಕೋಲು ಹಿಡಿದು ನಾನು. ಇಷ್ಟೆಲ್ಲದರ ನಡುವೆ ಅವನ ಮೂಗಿಗೆ ಬಡಿದದ್ದು ನಾನು.

"ಬೂಷ್ಟಿನ ವಾಸನೆ. ನಿಮ್ಮ ಕೋಟಿಂದ," ಎಂದ.

"ಒಗೆದಿರೋ ಕೋಟೇ ಸಾರ್. ಮನೇಲಿ ಒಣಗಲ್ಲ."

"ಸಾರ್ ಅನ್ಬೇಡಿ, ಕ್ರಿಸ್ಪಿನ್ ಅನ್ನಿ. ಇಲ್ಲಿ ನಾವೆಲ್ಲ ಒಂದೇ ಕುಟುಂಬ."

ಹಾಗಂದವನೇ ಕಕ್ಕಸಿನಲ್ಲಿಟ್ಟಿದ್ದ ಸುಗಂಧದ ಡಬ್ಬಿ ತಂದು ನನ್ನ ಕುತ್ತಿಗೆಯಿಂದ ಮಂಡಿಯವರೆಗೆ ಹೊಡೆದ. ಸ್ವಲ್ಪ ಬಾಯೊಳಕ್ಕೂ ಹೋಯಿತು. ನನ್ನ ಕೊನೇ ಮಗನ ವಯಸ್ಸು ಅವನಿಗೆ.

"ಬುಧವಾರ ನಾಲ್ಕು ಊರಿನ ಕೌನ್ಸಿಲುಗಳ ಪಾಲುದಾರಿಕೆಯ ವಾರ್ಷಿಕ ಸಭೆ. ಕೌನ್ಸಿಲರುಗಳೆಲ್ಲ ಬರ್ತಾರೆ. ಅವತ್ತೇ ನೆರೆಹೊರೆಯವರ ದಿನ ಬೇರೆ. ಸ್ಥಾವರ ಕಟ್ಟೋಕೆ ಪರ್ಮಿಶನ್ ಕೊಡುವಾಗ ಹಾಕಿದ ಷರತ್ತು, ಯಾರು ಬಂದ್ರೂ ಒಳಗೆ ಬಿಡಬೇಕು. ಹೇಗೂ ಯಾರೂ ಬರಲ್ಲ. ನೀವು ಒಂದು ತಟ್ಟೆ ಬಿಸ್ಕತ್ತು ಇಟ್ಬಿಡಿ, ಫೋಟೋ ತೆಗೆದ್ರೆ ಸಾಕು."

ಆಯಿತು ಎಂದು ನೆಲ ಒರೆಸಿದೆ. ಕಣ್ಣು ಉರಿಯುತ್ತಿತ್ತು. ಡಬ್ಬಿಯದ್ದೋ ಅವಮಾನದ್ದೋ, ಎರಡೂ ಇರಬಹುದು.

ಥಾರ್ನ್‌ಗೇಟ್‌ನಲ್ಲಿ ನಾವು ಈ ಸ್ಥಾವರಕ್ಕೆ ಒಲೆ ಎನ್ನುತ್ತೇವೆ. ನಾಲ್ಕು ಕೌನ್ಸಿಲುಗಳು ಸೇರಿ ಹಚ್ಚಿದ ಒಲೆ. ಕಟ್ಟುವಾಗ ನಾವು ಬಾಡಿಗೆಗಿರುವ ಕೌನ್ಸಿಲಿನ ಕಟ್ಟಡ ಫೆನ್ವಿಕ್ ಹೌಸಿನ ಎಲ್ಲ ಮಹಡಿ ಹತ್ತಿ ಬಂದು ಮಾತು ಕೊಟ್ಟಿದ್ದರು: ಕಸ ಉರಿದ ಬಿಸಿಯಲ್ಲೇ ನಿಮ್ಮ ಮನೆಗಳಿಗೆ ಬಿಸಿನೀರು, ಚಳಿಗಾಲ ಪೂರ್ತಿ ಬೆಚ್ಚಗಿರುತ್ತೀರಿ. ಅಂಗಳ ಅಗೆದು ದಪ್ಪ ಕೊಳವೆಯೊಂದನ್ನು ನಮ್ಮ ಗೋಡೆಯ ತನಕ ತಂದರು, ಬಾಯಿಗೆ ಮುಚ್ಚಳ ಹಾಕಿದರು, ಹೋದರು. ಅಲ್ಲಿಂದ ಇಲ್ಲಿಯವರೆಗೆ ಆ ಕೊಳವೆ ಕಂಡ ಬಿಸಿನೀರೆಂದರೆ ನಮ್ಮ ಕಟ್ಟಡದ ವಿನ್ನಿಯ ನಾಯಿ ಕಾಲೆತ್ತಿ ಹೊಯ್ದದ್ದು ಮಾತ್ರ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ನಮ್ಮದು ಒಲೆಯ ಬುಡದಲ್ಲಿ ಚಳಿ.

ಕರೆಂಟಿನ ಹೀಟರು ಹಾಕಿದರೆ ಊಟಕ್ಕೆ ಖೋತಾ, ಹಾಕದಿದ್ದರೆ ಗೋಡೆಗೆ ಬೂಷ್ಟು. ಬಟ್ಟೆಯನ್ನು ಬಾಲ್ಕನಿಯಲ್ಲಿ ಹರವುತ್ತಿದ್ದೆವು. ಒಲೆಯ ಸಂದರ್ಶಕರ ಕಿಟಕಿಗೆ ನಮ್ಮ ಬಾಲ್ಕನಿಗಳು ನೇರವಾಗಿ ಕಾಣುತ್ತವೆ. ಬಂದ ಅತಿಥಿಗಳಿಗೆ ಅಸಹ್ಯವಾಗುತ್ತದೆಂದು ಕೌನ್ಸಿಲು ಅದನ್ನೂ ನಿಲ್ಲಿಸಿತು. ಅಂದಿನಿಂದ ಬಟ್ಟೆ ಮಲಗುವ ಕೋಣೆಯಲ್ಲೇ ನೇತಾಡುತ್ತದೆ, ಅದರ ಕೆಳಗೆ ನನ್ನ ಗಂಡ ಲೆನ್ ಮಲಗಿ ಕೆಮ್ಮುತ್ತಿದ್ದ.

ಬೂಷ್ಟಿನ ದೂರು ಕೊಟ್ಟಾಗ ಕೌನ್ಸಿಲಿನ ಮನೆ ಇಲಾಖೆಯಿಂದ ಹುಡುಗಿಯೊಬ್ಬಳು ಬಂದಳು. ಬಾಗಿಲಲ್ಲೇ ನಿಂತು ಗೋಡೆ ನೋಡಿದಳು. ನೆಲದಿಂದ ಸೂರಿನ ತನಕ ಕಪ್ಪು.

"ಇದು ಕಟ್ಟಡದ ದೋಷ ಅಲ್ಲ, ನಿಮ್ಮ ಜೀವನಶೈಲಿ. ಇಬ್ಬರೂ ಇಡೀ ದಿನ ಒಳಗೇ ಉಸಿರಾಡ್ತೀರಾ?"

"ಭಾನುವಾರ ರಜಾ ತಗೋತೀನಿ ಕಣಮ್ಮ," ಎಂದ ಲೆನ್ ಹಾಸಿಗೆಯಿಂದ.

ಅವಳು ನಗಲಿಲ್ಲ. "ಉಸಿರಿನ ತೇವವೇ ಗೋಡೆಗೆ ಹೋಗಿ ಕೂರೋದು. ಕಿಟಕಿ ತೆಗೆದಿಡಿ," ಎಂದಳು. ಜನವರಿ ತಿಂಗಳು. ತೆಗೆದಿಟ್ಟೆವು. ವಾರ ಕಳೆಯುವಷ್ಟರಲ್ಲಿ ಲೆನ್ ಆಸ್ಪತ್ರೆ ಸೇರಿದ. ಆ ಕೋಣೆ ಒಣಗುವ ತನಕ ಅವನನ್ನು ಮನೆಗೆ ಕಳಿಸುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಕೋಣೆ ಒಣಗಬೇಕಾದರೆ ಆ ಕೊಳವೆಯ ಮುಚ್ಚಳ ತೆರೆಯಬೇಕು.

ಸುಗಂಧ ಹೊಡೆಸಿಕೊಂಡ ದಿನ ಸಂಜೆ ವಿನ್ನಿ ಮೆಟ್ಟಿಲಲ್ಲಿ ಸಿಕ್ಕಳು. ಎಂಬತ್ತು ದಾಟಿದ ಮುದುಕಿ, ನನ್ನ ಮೇಲಿನ ಮನೆಯವಳು. ಮೂಗು ಅರಳಿಸಿದಳು.

"ಏನೇ ಇದು, ಸೂಳೆಗೇರಿ ಹೊಕ್ಕು ಬಂದಂಗೆ ಘಮ್ ಅಂತಿದೀಯ?"

ನಡೆದದ್ದು ಹೇಳಿದೆ.

"ಬೋಳಿಮಗ. ಅವನ ತಿಕಕ್ಕೆ ಹೊಡ್ಕೊಳ್ಳಾಕೆ ಹೇಳು. ಅಲ್ಲಿ ಒಳಗೆ ಬೆಚ್ಚಗಿರ್ತದೇನೇ?"

"ಬೆಚ್ಚಗಾ? ಕೋಣೆ ಕಾಯಿಸೋ ರೇಡಿಯೇಟರು ಮುಟ್ಟಿದ್ರೆ ಕೈ ಸುಡ್ತದೆ. ಒಲೆ ಬಿಸೀನೇ ಅಲ್ಲಿಗೆ ಬಿಟ್ಟವ್ರೆ."

"ಮತ್ತೆ ಬುಧವಾರ ಯಾರು ಬೇಕಾದ್ರೂ ಬರ್‌ಬೌದು ಅಂದೆ."

"ಅಂದೆ."

ವಿನ್ನಿ ಮೆಟ್ಟಿಲ ಕಂಬಿ ಹಿಡಿದಳು. "ಹಂಗಾರೆ ಮಂಗಳವಾರ ಎಲ್ರೂ ಬಟ್ಟೆ ಒಗೀಲಿ," ಎಂದಳು. ಕೆಲಸ ಹೋಗುತ್ತದೆ ಕಣೇ ಎಂದೆ. "ಗಂಡ ಹೋದ್ಮೇಲೆ ಕೆಲ್ಸ ಇಟ್ಕೊಂಡು ಏನ್ ನೆಕ್ತೀಯಾ?" ಎಂದು ಹತ್ತಿ ಹೋದಳು. ಆ ಮಾತು ನನಗೆ ನಾಟಿತು.

ಬುಧವಾರ ಸಂದರ್ಶಕರ ಕೋಣೆಯ ಸಭೆಯಲ್ಲಿ ನಾನು ಟೀ ಕೊಡುತ್ತಿದ್ದೆ. ಪಾಲುದಾರಿಕೆಯ ಅಧ್ಯಕ್ಷ ಪೆಂಬರ್ಟನ್ ಪ್ರೊಜೆಕ್ಟರಿನ ಪರದೆಯ ಪಕ್ಕ ನಿಂತಿದ್ದ. ಬಂದವನೇ ನನ್ನ ಹೆಗಲ ಮೇಲೆ ಕೈ ಹಾಕಿ, "ಇವರು ಸ್ಥಳೀಯರು, ನಮ್ಮ ಸ್ಥಾವರ ಕೊಟ್ಟ ಉದ್ಯೋಗ," ಎಂದು ಹಸು ಮಾರುವವನಂತೆ ತಿರುಗಿಸಿ ತೋರಿಸಿ ಫೋಟೋ ತೆಗೆಸಿಕೊಂಡಿದ್ದ. ಹೆಸರು ಕೇಳಲಿಲ್ಲ.

"ಈ ವರ್ಷದ ಸಾಧನೆ ಅತ್ಯುತ್ತಮ," ಎಂದು ಶುರು ಮಾಡಿದ. ಪರದೆಯ ಮೇಲೆ ಹಸಿರು ಗೀಟುಗಳು ಮೇಲೇರುತ್ತಿದ್ದವು. ಉರಿದ ಕಸ ಅತ್ಯುತ್ತಮ. ಕರೆಂಟು ಅತ್ಯುತ್ತಮ. "ನೆರೆಮನೆಗಳಿಗೆ ಬಿಸಿನೀರಿನ ವಿಷಯ ಪರಿಶೀಲನೆಯಲ್ಲಿದೆ," ಎಂದು ಒಂದೇ ಉಸಿರಿಗೆ ಹೇಳಿ ಮುಂದಿನ ಚಿತ್ರಕ್ಕೆ ಹೋದ. ಯಾರೋ ಬಿಸ್ಕತ್ತು ಕಡಿದರು.

ಆಗ ಬಾಗಿಲು ತೆರೆಯಿತು. ಮುಂದೆ ವಿನ್ನಿ, ಅವಳ ಹಿಂದೆ ಫೆನ್ವಿಕ್ ಹೌಸೇ ಎದ್ದು ಬಂದಿತ್ತು. ಬಕೆಟ್ಟು, ಬುಟ್ಟಿ, ಮಗುವಿನ ತಳ್ಳುಗಾಡಿ, ಎಲ್ಲದರಲ್ಲೂ ಒದ್ದೆ ಬಟ್ಟೆ.

"ನೆರೆಹೊರೆಯೋರು ಬಂದಿದೀವಪ್ಪ," ಎಂದಳು ವಿನ್ನಿ. "ನೀವು ಮುಂದುವರ್ಸಿ, ನಮ್ದೇನೂ ಗಲಾಟೆ ಇಲ್ಲ."

ನಿಜವಾಗಿಯೂ ಗಲಾಟೆ ಇರಲಿಲ್ಲ. ಸದ್ದಿಲ್ಲದೆ ರೇಡಿಯೇಟರುಗಳ ಮೇಲೆ ಹಾಸಿಗೆ ಹೊದಿಕೆಗಳು ಬಿದ್ದವು, ಕಂಬಿಗಳಿಗೆ ಕಾಲುಚೀಲ, ಖಾಲಿ ಕುರ್ಚಿಗಳ ಬೆನ್ನಿಗೆ ಪ್ಯಾಂಟುಗಳು. ಕೋಣೆಯ ನಡುವೆ ಸ್ಥಾವರದ ಪುಟ್ಟ ಮಾದರಿಯೊಂದಿತ್ತು. ವಿನ್ನಿ ಹಾಯಿಯಷ್ಟು ಅಗಲದ ತನ್ನ ಚಡ್ಡಿಯನ್ನು ಕೊಡವಿ ಅದರ ಚಿಮಣಿಗೆ ತೊಡಿಸಿದಳು. ಇಡೀ ಒಲೆ ಮುಚ್ಚಿಹೋಯಿತು.

ಕ್ರಿಸ್ಪಿನ್ ಕೆಂಪಗಾಗಿ ನನ್ನ ಹತ್ತಿರ ಬಂದ. "ನೊರೀನ್, ಇವೆಲ್ಲ ಈಗಲೇ ತೆಗೀರಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ."

ಬಿಸಿ ಟೀಯ ಜಗ್ಗು ಕೆಳಗಿಟ್ಟೆ. ಕೆಲಸದ ಕೋಟಿನ ಗುಂಡಿ ಬಿಚ್ಚಿದೆ.

"ಇದೂ ನಾರ್ತದೆ ಅಂದಿದ್ರಲ್ಲ ಕ್ರಿಸ್ಪಿನ್. ಒಣಗ್ಲಿ," ಎಂದು ಪರದೆಯ ಮೊಳೆಗೆ ನೇತುಹಾಕಿದೆ. ಪೆಂಬರ್ಟನ್‌ನ 'ಅತ್ಯುತ್ತಮ' ಈಗ ನನ್ನ ಕೋಟಿನ ತೋಳಿನ ಮೇಲೆ ಹೊಳೆಯುತ್ತಿತ್ತು.

ಅಷ್ಟರಲ್ಲಿ ಬಟ್ಟೆಗಳಿಂದ ಹಬೆ ಏಳತೊಡಗಿತು. ಹೊಂಡದ ಗಾಜು ಮಂಜಾಯಿತು, ಅತಿಥಿಗಳ ಕಿಟಕಿಯೂ ಮಂಜಾಯಿತು, ನೀರು ಗೆರೆಗೆರೆಯಾಗಿ ಇಳಿದು ಬಿಸ್ಕತ್ತಿನ ತಟ್ಟೆಗೆ ತೊಟ್ಟಿಕ್ಕಿತು. ನನ್ನ ಮಲಗುವ ಕೋಣೆಯೇ ಇಲ್ಲಿಗೆ ಬಂದಂತಿತ್ತು. ಕೌನ್ಸಿಲರುಗಳು ಟೈ ಸಡಿಲಿಸಿದರು. ಪೆಂಬರ್ಟನ್ ಕೆಮ್ಮಿದ, ಮತ್ತೆ ಕೆಮ್ಮಿದ.

"ಉಸಿರು ಕಟ್ತಿದೆ. ಯಾರಾದ್ರೂ ಒಂದು ಕಿಟಕಿ ತೆಗೀರಿ," ಎಂದ.

"ಇಲ್ಲಿನ ಕಿಟಕಿ ತೆಗೆಯೋಕೆ ಬರಲ್ಲ ಕೌನ್ಸಿಲರೇ, ಕಸದ ವಾಸ್ನೆ ಬರುತ್ತೆ ಅಂತ ಮುಚ್ಚಿ ಅಂಟಿಸಿದಾರೆ," ಎಂದೆ. "ಇದು ಕಟ್ಟಡದ ದೋಷ ಅಲ್ಲ. ನೀವಿಷ್ಟು ಜನ ಒಳಗೇ ಕೂತು ಉಸಿರಾಡ್ತಿದೀರಿ. ಸ್ವಲ್ಪ ಕಮ್ಮಿ ಮಾಡಿ."

ಕ್ರಿಸ್ಪಿನ್ ಪೊಲೀಸರಿಗೆ ಫೋನು ಮಾಡಲು ಹೊರಗೆ ಓಡಿದ. ವಿನ್ನಿ ಚಿಮಣಿಯ ಮೇಲಿನ ಚಡ್ಡಿಯನ್ನು ಮುಟ್ಟಿ ನೋಡಿ, ಇನ್ನೊಂದು ಮಗ್ಗುಲೂ ಒಣಗಲೆಂದು ತಿರುಗಿಸಿ ಹಾಕಿದಳು.