ಕಪ್ಪು ಚೀಲದ ಸೂಜಿ ಯಾರದು?

ಇಂದಿರಾನಗರದ ನಲವತ್ತು ಹಾಸಿಗೆಯ ಆ ಆಸ್ಪತ್ರೆಯಲ್ಲಿ ಅಂಜಿನಮ್ಮ ಕಸ ಎತ್ತುವ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ರಕ್ತ ಹತ್ತಿದ ಹತ್ತಿ ಹಳದಿ ಚೀಲಕ್ಕೆ, ಗ್ಲುಕೋಸ್ ಪೈಪು ಕೆಂಪಿಗೆ, ಸೂಜಿ ಬಿಳಿ ಡಬ್ಬಕ್ಕೆ, ಪೇಪರು ಕವರು ಕಪ್ಪಿಗೆ. ಇದನ್ನು ಅವಳು ನಿದ್ದೆಗಣ್ಣಲ್ಲೂ ಹೇಳಬಲ್ಲಳು. ಹಾಗಾಗಿ ಆ ಸೋಮವಾರ ಕಪ್ಪು ಚೀಲದ ಬಾಯಿ ಕಟ್ಟುವಾಗ ಹೆಬ್ಬೆರಳಿಗೆ ಚುರುಕ್ ಎಂದದ್ದು ಅವಳಿಗೆ ನೋವಿಗಿಂತ ಸೋಜಿಗವನ್ನೇ ಹೆಚ್ಚು ತಂದಿತು. ಕಾಗದ ತುಂಬುವ ಚೀಲದಲ್ಲಿ ಚುಚ್ಚುವಂಥದ್ದೇನು?

ಗ್ಲೌಸು ತೆಗೆದಾಗ ಸಾಸಿವೆಯಷ್ಟು ರಕ್ತ. ಚಿಮಟದಲ್ಲಿ ಹಿಡಿದು ಎತ್ತಿದರೆ ಉಗುರಿನಷ್ಟೂ ಉದ್ದವಿಲ್ಲದ ಸೂಜಿ. ಅದನ್ನು ಖಾಲಿ ಮಾತ್ರೆ ಡಬ್ಬಿಗೆ ಹಾಕಿಕೊಂಡು ಅವಳು ಎರಡನೇ ಮಹಡಿಗೆ, ಫಾಯಿಜಾ ಸಿಸ್ಟರ್ ಹತ್ತಿರ ಹೋದಳು. ಶಿವಾಜಿನಗರದವಳಾದ ಫಾಯಿಜಾ, ಈ ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ನರ್ಸು.

“ಹಿಂಡ್ಬೇಡಿ. ಸೋಪು ಹಾಕಿ ನಲ್ಲಿ ಕೆಳಗೆ ಹಿಡೀರಿ, ಸಾಕು,” ಎಂದು ಫಾಯಿಜಾ ಬೆರಳು ತೊಳೆಸಿದಳು. ರಕ್ತ ತೆಗೆದದ್ದಾಯಿತು. ಚುಚ್ಚಿದ ಸೂಜಿ ಯಾರದೆಂದು ಡಾಕ್ಟರು ಕೇಳಿದರು. ಯಾರಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ಅವರ ರಕ್ತವನ್ನೂ ಪರೀಕ್ಷಿಸಬಹುದಿತ್ತು, ಈಗ ಎಚ್‌ಐವಿ ತಗಲದಂತೆ ಎಚ್ಚರಿಕೆಗೆಂದು ಒಂದು ತಿಂಗಳು ಮಾತ್ರೆ ನುಂಗಲೇಬೇಕು ಎಂದರು.

ಫಾಯಿಜಾ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು. “ಇದು ನಮ್ಮ ವಾರ್ಡಿಂದಲ್ಲ ಅಂಜಿನಮ್ಮ. ನಾವು ಇನ್ಸುಲಿನ್ ಕೊಡೋದು ಸಿರಿಂಜಲ್ಲಿ. ಇದು ಪೆನ್ ಸೂಜಿ. ತಮ್ಗೆ ತಾವೇ ಚುಚ್ಕೊಳ್ಳೋರು ಇಟ್ಕೊಂಡಿರ್ತಾರಲ್ಲ, ಅದು.”

“ಹಂಗಾದ್ರೆ ಯಾರ್ದು ಸಿಸ್ಟರ್?”

“ಅದೇ ಗೊತ್ತಾಗ್ತಿಲ್ಲ.”

ಮಾತ್ರೆಯಿಂದ ಹೊಟ್ಟೆ ತೊಳಸುತ್ತಿತ್ತು. ಅದಕ್ಕಿಂತ ಈ ಪ್ರಶ್ನೆಯೇ ಅಂಜಿನಮ್ಮನನ್ನು ಹೆಚ್ಚು ಕಾಡಿತು. ಮೇಲ್ವಿಚಾರಕ ಜಗದೀಶ್, “ಯಾರೋ ವಿಸಿಟರ್ ಎಸ್ದಿರ್ತಾರೆ, ಬಿಟ್ಬಿಡಿ,” ಎಂದ. ಅವಳಿಗೆ ಬಿಡಲಾಗಲಿಲ್ಲ. ಹಳದಿ, ಕೆಂಪು ಚೀಲಗಳಿಗಾದರೆ ಬಾರ್‌ಕೋಡ್ ಇರುತ್ತದೆ, ಯಾವ ವಾರ್ಡಿನದೆಂದು ತಿಳಿಯುತ್ತದೆ. ಕಪ್ಪು ಚೀಲಕ್ಕೆ ಏನೂ ಇಲ್ಲ, ಎಲ್ಲ ಮಹಡಿಯದೂ ಹಿತ್ತಲಲ್ಲಿ ಒಂದೇ ರಾಶಿ. ಅವಳು ಫಾಯಿಜಾಳಿಂದ ಬಿಳಿ ಸ್ಟಿಕ್ಕರು, ದಪ್ಪ ಗ್ಲೌಸು ಇಸಿದುಕೊಂಡಳು. ಪ್ರತಿ ಚೀಲಕ್ಕೂ ಮಹಡಿಯ ನಂಬರು ಬರೆದು ಅಂಟಿಸಿದಳು. ದಿನಾ ಮಧ್ಯಾಹ್ನ ಫಾಯಿಜಾ ಪಕ್ಕದಲ್ಲಿ ನಿಂತಿರುವಾಗ ಹಿತ್ತಲಲ್ಲಿ ಶೀಟು ಹಾಸಿ, ಚಿಮಟದಲ್ಲಿ ಒಂದೊಂದೇ ಚೀಲ ಕೆದಕಿ ನೋಡಿದಳು.

ಐದು ದಿನ ಏನೂ ಸಿಗಲಿಲ್ಲ. ಆರನೇ ದಿನ ನೆಲಮಹಡಿಯ ಚೀಲದಲ್ಲಿ ಬಾಯಿ ಮಡಚಿ, ರಬ್ಬರ್ ಬ್ಯಾಂಡ್ ಸುತ್ತಿದ್ದ ಅರ್ಧ ಕಿಲೋ ಟೀಪುಡಿಯ ಪ್ಯಾಕೆಟ್ಟು ಕಂಡಿತು. ಅಲುಗಾಡಿಸಿದರೆ ಒಳಗೆ ಕಿಲಕಿಲ. ಬಿಚ್ಚಿದರೆ ಅದೇ ಥರದ ಏಳೆಂಟು ಸೂಜಿ. ಒಂದೆರಡು ಆಗಲೇ ಪ್ಯಾಕೆಟ್ಟನ್ನು ತೂರಿ ಹೊರಗೆ ಇಣುಕುತ್ತಿದ್ದವು.

“ಬೇಕಂತ ಬಿಸಾಕಿದ್ದಲ್ಲ ಸಿಸ್ಟರ್. ಪಾಪ, ಯಾರೋ ಜೋಪಾನವಾಗೇ ಕಟ್ಟಿದಾರೆ,” ಎಂದಳು ಅಂಜಿನಮ್ಮ.

ನೆಲಮಹಡಿಯಲ್ಲಿ ಅರ್ಧ ಕಿಲೋ ಟೀಪುಡಿ ಒಡೆಯುವ ಜಾಗ ಒಂದೇ. ಇನ್ಸುಲಿನ್ ಚುಚ್ಚಿಕೊಳ್ಳುವುದು ಊಟಕ್ಕೆ ಮುಂಚೆ ಎಂದು ಗೊತ್ತಿದ್ದ ಅವಳು ಮರುದಿನ ಆ ಹೊತ್ತಿಗೇ ಕ್ಯಾಂಟೀನಿನ ಮೂಲೆಯಲ್ಲಿ ಟೀ ಹಿಡಿದು ಕುಳಿತಳು. ಅಡುಗೆಯ ಮುನಿಆಂಜನಪ್ಪ ಸಾರಿಗೆ ಒಗ್ಗರಣೆ ಹಾಕಿ, ಕೈ ತೊಳೆದು, ಸಾಮಾನಿನ ಕೋಣೆಗೆ ಹೋದ. ಹೊಟ್ಟೆಯ ಮೇಲಿನ ಅಂಗಿ ಸರಿಮಾಡಿಕೊಳ್ಳುತ್ತ ಹೊರಗೆ ಬಂದ.

“ಅಣ್ಣ, ನಿಮ್ಗೆ ಸಕ್ಕರೆ ಕಾಯ್ಲೆನಾ?” ಎಂದು ಅವಳು ಮೆಲ್ಲಗೆ ಕೇಳಿದಳು.

ಅವನು ಸುತ್ತ ನೋಡಿದ. “ಯಾರ್ಗೂ ಹೇಳ್ಬೇಡ ಕಣಮ್ಮ. ಅಡುಗೆಯವನಿಗೇ ಕಾಯ್ಲೆ ಅಂದ್ರೆ ಬೇರೆಯವನ್ನ ತಂದು ನಿಲ್ಲಿಸ್ತಾರೆ.”

ಅವಳು ಹೆಬ್ಬೆರಳು ತೋರಿಸಿ ನಡೆದದ್ದನ್ನೆಲ್ಲ ಹೇಳಿದಳು. ಮುನಿಆಂಜನಪ್ಪ ಸ್ಟೂಲು ಎಳೆದುಕೊಂಡು ಅವಳ ಎದುರು ಕುಳಿತ. ಆ ಮಾತ್ರೆ, ಆ ಹೊಟ್ಟೆ ತೊಳಸು ತನ್ನಿಂದಲೇ ಎಂದು ತಿಳಿದು ಅವನ ಕಣ್ಣು ತುಂಬಿತು. “ಪ್ಯಾಕೆಟ್ಟಲ್ಲಿ ಕಟ್ಟಿದ್ನಲ್ಲ ತಾಯಿ, ಯಾರ್ಗೂ ತಾಗಲ್ಲ ಅಂದ್ಕೊಂಡಿದ್ದೆ. ನಡಿ, ನನ್ನ ರಕ್ತ ತಗೊಳ್ಳಿ,” ಎಂದು ತಾನೇ ಎದ್ದ.

ಸಾಯಂಕಾಲ ವರದಿ ಬಂತು. ಅವನ ರಕ್ತದಲ್ಲಿ ಅಂಟುವ ಕಾಯಿಲೆ ಯಾವುದೂ ಇರಲಿಲ್ಲ. ಡಾಕ್ಟರು ಅಂಜಿನಮ್ಮನ ಮಾತ್ರೆ ನಿಲ್ಲಿಸಿದರು. ಫಾಯಿಜಾ ಕ್ಯಾಂಟೀನಿನ ಕೋಣೆಯಲ್ಲಿ ಸೂಜಿಯ ಬಿಳಿ ಡಬ್ಬ ಇಡಿಸಿದಳು. ಸಕ್ಕರೆ ಕಾಯಿಲೆಯವನು ಸಾರು ಮಾಡಬಾರದೆಂದು ಎಲ್ಲೂ ಬರೆದಿಲ್ಲ ಎಂದು ಆಡಳಿತದವರ ಬಾಯಿಂದಲೇ ಅವನಿಗೆ ಹೇಳಿಸಿದಳು.

ಆಗ ಮುನಿಆಂಜನಪ್ಪ ಕೇಳಿದ, “ಇಲ್ಲೀದು ಸರಿ. ರಾತ್ರಿ ಮನೇಲಿ ಚುಚ್ಕೊಳ್ಳೋದು ಎಲ್ಲಿಗೆ ಹಾಕ್ಲಿ?”

ಒಂಬತ್ತು ವರ್ಷದಲ್ಲಿ ಅಂಜಿನಮ್ಮನಿಗೆ ಇದು ಹೊಳೆದೇ ಇರಲಿಲ್ಲ. ಅವಳ ಬೀದಿಯಲ್ಲೇ ಎಷ್ಟು ಮನೆಯಲ್ಲಿ ಸಕ್ಕರೆ ಕಾಯಿಲೆ! ಆ ಸೂಜಿಗಳೆಲ್ಲ ಯಾರ ಕೈಗೆ ಸಿಗುತ್ತಿವೆ?

“ದಪ್ಪ ಪ್ಲಾಸ್ಟಿಕ್ ಬಾಟ್ಲಿಗೆ ಹಾಕಿ ಮುಚ್ಚಳ ಬಿಗಿಮಾಡಿ ತನ್ನಿ, ನಾವು ತಗೋತೀವಿ,” ಎಂದಳು ಫಾಯಿಜಾ.

“ಬೇರೆ ಮನೆಯವರು ಕೊಟ್ರೆ?” ಎಂದಳು ಅಂಜಿನಮ್ಮ.

“ಮೇಲಿನವರನ್ನ ಕೇಳ್ತೀನಿ,” ಎಂದಳು ಫಾಯಿಜಾ.

ಒಪ್ಪಿಗೆ ಸಿಗಲು ಎರಡು ವಾರ ಹಿಡಿಯಿತು. ಮುಂದಿನ ಭಾನುವಾರ ಅಂಜಿನಮ್ಮ ಕಗ್ಗದಾಸಪುರದ ತನ್ನ ಬೀದಿಯಲ್ಲಿ ಮೊದಲ ಮನೆಯ ಬಾಗಿಲು ತಟ್ಟಿ, “ಅಕ್ಕ, ನಿಮ್ಮನೇಲಿ ಇನ್ಸುಲಿನ್ ತಗೊಳ್ಳೋರು ಇದಾರಾ?” ಎಂದು ಕೇಳಿದಳು.