ಗಂಧ ಮೆತ್ತಿದ ತೋಟೆ

ನಾನು ಒಂದು ರೈಫಲ್ಲಿನ ತೋಟೆ. ಹೆಬ್ಬೆರಳಿನಷ್ಟು ದಪ್ಪ, ಅಂಗೈಯಷ್ಟು ಉದ್ದ. ಮೈ ಹಿತ್ತಾಳೆಯದು, ಹೊಟ್ಟೆಯಲ್ಲಿ ಮದ್ದು, ತಲೆಯ ಜಾಗದಲ್ಲಿ ಗುಂಡು. ನನ್ನಂಥವರ ಆಯುಸ್ಸು ಒಂದು ಸದ್ದಿನಲ್ಲಿ ಮುಗಿಯಬೇಕು. ಆ ಸದ್ದು ಮಾಡದೆ ಮುದುಕಿಯಾದವಳು ನಾನು.

ಹುಟ್ಟಿದ್ದು ಕಡಲಾಚೆ, ಇಂಗ್ಲೆಂಡಿನ ಹೊಗೆ ಹಿಡಿದ ಒಂದು ಊರಿನ ಕಾರ್ಖಾನೆಯಲ್ಲಿ. ಶ್ಯಾವಿಗೆಯಂಥ ಮದ್ದಿನ ಎಳೆಗಳನ್ನು ಒಬ್ಬ ಹುಡುಗಿ ನನ್ನ ಹೊಟ್ಟೆಗೆ ತುಂಬಿದಳು. ಅವಳ ಬೆರಳ ತುದಿಗಳು ಹಳದಿಯಾಗಿದ್ದವು, ಕೆಮ್ಮುತ್ತಿದ್ದಳು. ಅದೇ ಮೇಜಿನ ಮೇಲೆ ನಮ್ಮ ಎರಡು ಜಾತಿ ತಯಾರಾಗುತ್ತಿದ್ದವು. ಕೆಲವರ ಮೂತಿಯಲ್ಲಿ ಸೀಸ ಬೋಳಾಗಿ ಕಾಣುತ್ತಿತ್ತು. ಅವರನ್ನು ಸಾಫ್ಟ್ ಎನ್ನುತ್ತಿದ್ದರು. ನಮಗೆ ಮೂತಿಯ ತುದಿಯವರೆಗೂ ಉಕ್ಕಿನ ಮುಸುಕು. ನಮ್ಮ ಹೆಸರು ಸಾಲಿಡ್. ತೂಕ ಒಂದೇ, ಉದ್ದ ಒಂದೇ. ಬಾಳು ಮಾತ್ರ ಬೇರೆ.

ಹಡಗಿನಲ್ಲಿ ಬಂದೆವು. ಕೊಡಗಿನ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ ಬಹಳ ಕಾಲ ಕಪಾಟಿನೊಳಗೆ ಕೂತೆವು. ದೊರೆಗೆ ಬೇಟೆಗಿಂತ ಬೇಟೆಯ ಮಾತು ಇಷ್ಟ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅವನು ಪೆಟ್ಟಿಗೆ ಕಟ್ಟಿದ. ಹೋಗುವ ಮುಂಚೆ ತನ್ನ ಜೋಡುನಳಿಗೆಯ ರೈಫಲ್ಲನ್ನೂ ನಮ್ಮನ್ನೂ ಪೆಮ್ಮಯ್ಯನಿಗೆ ಮಾರಿದ.

ಪೆಮ್ಮಯ್ಯ ಕಾಡಂಚಿನ ಒಂದು ಕೊಡವ ಮನೆಯ ಹಿರಿಮಗ. ಗದ್ದೆಗೆ ಇಳಿಯುವ ಕಾಟಿ ಎಂಬ ಕಾಡುಕೋಣಗಳ ಮೇಲೆ, ಒಂದೆರಡು ಸಲ ಪುಂಡಾನೆಯ ಮೇಲೆ, ನನ್ನ ಜೊತೆಯವರೆಲ್ಲ ಒಬ್ಬೊಬ್ಬರಾಗಿ ಹೋದರು. ಅಂಗಡಿಗಳಲ್ಲಿ ನಮ್ಮಂಥವರು ಸಿಗುವುದೂ ನಿಂತಿತು. ಕೊನೆಗೆ ಉಳಿದ ಸಾಲಿಡ್‌ಗಳು ಎರಡೇ: ನಾನು, ನನ್ನ ತಂಗಿ. ಜೊತೆಗೆ ಎರಡು ಸಾಫ್ಟ್‌ಗಳು.

ಆ ಮನೆಗೆ ದೇಚವ್ವ ಮದುವೆಯಾಗಿ ಬಂದದ್ದು ಅದೇ ಕಾಲದಲ್ಲಿ. ಒಂದು ಸಂಜೆ ಪೆಮ್ಮಯ್ಯ ಜಗಲಿಯಲ್ಲಿ ಕೋವಿ ಒರೆಸುತ್ತ ನಮ್ಮನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದ. ಅವಳು ಬಂದು ಪಕ್ಕದಲ್ಲಿ ಕೂತಳು.

“ಎಲ್ಲಾ ಒಂದೇ ಥರ ಕಾಣ್ತವಲ್ಲ?”

“ಮೂತಿ ನೋಡು ಮಾರಾಯ್ತಿ. ಇದು ಬೋಳು ಸೀಸ, ಹುಲಿಗೆ. ಮಾಂಸದೊಳಗೆ ಹೋಗಿ ಅಣಬೆ ಹಾಗೆ ಅರಳ್ತದೆ. ಆನೆಗೆ ಇದು ಹೊಡೆದರೆ ಮುಗೀತು ನಮ್ಮ ಕಥೆ.”

“ಯಾಕೆ?”

“ಆನೆ ಹಣೆ ಅಂದ್ರೆ ಮೂಳೆಯ ಜೇನುತಟ್ಟಿ. ಸೀಸ ಅಲ್ಲೇ ಚಪ್ಪಟೆಯಾಗಿ ಕೂತ್ಬಿಡ್ತದೆ. ಮಿದುಳಿನವರೆಗೆ ನೆಟ್ಟಗೆ ಹೋಗೋದು ಇವಳು ಮಾತ್ರ.” ಹಾಗೆಂದು ನನ್ನನ್ನು ಅವಳ ಅಂಗೈಯಲ್ಲಿಟ್ಟ.

“ಇವಳಂತೆ! ಎಷ್ಟು ಜನ ಹೆಂಡ್ತೀರು ನಿಮಗೆ?”

“ಇಬ್ಬರಿದ್ರು. ನೀನು ಮೂರನೆಯವಳು.”

ಅವಳು ನಕ್ಕಳು. ಅವಳ ಅಂಗೈ ಬೆಚ್ಚಗಿತ್ತು. ಕಾರ್ಖಾನೆಯ ಹುಡುಗಿಯ ನಂತರ ಹೆಂಗಸಿನ ಕೈ ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಆ ನಾಡಿನಲ್ಲಿ ಮನೆಯ ಸುದ್ದಿ ಹೇಳುವುದು ಕೋವಿಯೇ. ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು. ಸಾವಾದರೆ ಬೆನ್ನಿಗೆ ಬೆನ್ನಿಗೆ ಎರಡು. ಗದ್ದೆಯಲ್ಲಿದ್ದವರು ನಟ್ಟಿ ನಿಲ್ಲಿಸಿ ಕಿವಿಗೊಡುತ್ತಾರೆ. ಒಂದೇ ಆದರೆ ನಗುತ್ತ ಬರುತ್ತಾರೆ, ಎರಡಾದರೆ ಮಾತಿಲ್ಲದೆ ಬರುತ್ತಾರೆ.

“ನಮಗೆ ಮಗ ಹುಟ್ಟಿದ ದಿನ ಯಾವುದು ಹೊಡೀತೀರಿ? ಆ ತುಕ್ಕು ಹಿಡಿದ ಕೇಪಿನ ಕೋವೀಲಾ?” ಎಂದು ದೇಚವ್ವ ಕೆಣಕಿದಳು.

“ಇವಳನ್ನೇ ಹೊಡೀತೀನಿ. ಆಚೆ ನಾಡಿನವರಿಗೂ ನಿದ್ದೆ ಕೆಡಲಿ.”

ಅಲ್ಲಿಂದ ನಾನು ಕಾಯತೊಡಗಿದೆ. ಆನೆಗಾದರೂ ಸರಿ, ಮಗುವಿಗಾದರೂ ಸರಿ, ಆರಿಸಿಕೊಂಡರೆ ಸಾಕು ಎನ್ನಿಸುತ್ತಿತ್ತು.

ಮಳೆಗಾಲ ಮುಗಿಯುತ್ತ ಕೈಲ್ ಮುಹೂರ್ತದ ಹಬ್ಬ ಬಂತು. ನಟ್ಟಿ ಮುಗಿಸಿದ ಮೇಲೆ ಆಯುಧಗಳಿಗೆ ಪೂಜೆ ಮಾಡಿ ಬೇಟೆಗೆ ಅಣಿಯಾಗುವ ಹಬ್ಬ ಅದು. ಕೋವಿಗಳನ್ನು ದೀಪದ ಮುಂದೆ ಒರಗಿಸಿ ನಳಿಗೆಗೆ ಹೂ ಸಿಕ್ಕಿಸಿದರು. ನಮ್ಮನ್ನು ತಟ್ಟೆಯಲ್ಲಿ ನಿಲ್ಲಿಸಿದರು. ಗಂಧ ತೇಯುವ ಕೆಲಸ ಹೊಸ ಸೊಸೆಯದು. ಪಕ್ಕದ ಮನೆಯ ಮುತ್ತವ್ವ, ದೇಚವ್ವನದೇ ವಯಸ್ಸಿನ ಗೆಳತಿ, ಕಡುಬಿಗೆ ಹಿಟ್ಟು ಕೇಳಲು ಬಂದವಳು ಅಲ್ಲೇ ನಿಂತಳು.

“ಬೊಟ್ಟು ಎಲ್ಲಿಗೆ ಇಡಬೇಕೇ ಇವಕ್ಕೆ?” ದೇಚವ್ವ ಕೇಳಿದಳು.

“ಮುಖಕ್ಕೇ ಇಡು. ಬೆನ್ನಿಗೆ ಯಾರಾದರೂ ಬೊಟ್ಟು ಇಡ್ತಾರಾ? ಚೆನ್ನಾಗಿ ಮೆತ್ತು, ನಿನ್ನ ಗಂಡನ ಮುದ್ದಿನ ಹೆಂಡ್ತೀರಲ್ಲವಾ!”

ಇಬ್ಬರೂ ಕಿಸಕ್ಕೆಂದು ನಕ್ಕರು. ದೇಚವ್ವ ಅಕ್ಕರೆಯಿಂದ ಒಬ್ಬೊಬ್ಬರ ಮೂತಿಗೂ ಗಂಧವನ್ನು ದಪ್ಪವಾಗಿ ಬಳಿದಳು. ಸಂಜೆಯೊಳಗೆ ಅದು ಒಣಗಿ ಗಟ್ಟಿಯಾಯಿತು. ಸೀಸ ಕಾಣದು, ಉಕ್ಕು ಕಾಣದು. ಎಲ್ಲರದೂ ಒಂದೇ ಮುಖ.

ಮಾರನೆಯ ಬೆಳಗ್ಗೆ ಚೌಡ ಏದುಸಿರು ಬಿಡುತ್ತ ಬಂದ. ಅವನು ಹೆಜ್ಜೆ ಜಾಡು ನೋಡುವ ಜೇನುಕುರುಬ. ಸರ್ಕಾರ ಹೊಡೆಯಲು ಹೇಳಿದ್ದ ಒಂಟಿ ಸಲಗ ಗದ್ದೆಯ ಕಾವಲು ಗುಡಿಸಲಿಗೆ ನುಗ್ಗಿ ಒಬ್ಬನನ್ನು ತುಳಿದಿತ್ತು.

“ಇನ್ನೂ ಹಳ್ಳದಾಗೇ ಅದೆ ಬುದ್ದೀ. ಬಿರ್ರನೆ ಬನ್ನಿ.”

ಪೆಮ್ಮಯ್ಯ ಪೂಜೆಯ ತಟ್ಟೆಯಿಂದಲೇ ನಮ್ಮನ್ನು ಬಾಚಿ ಜೇಬಿಗೆ ಸುರಿದುಕೊಂಡ. ಹಳ್ಳದ ದಂಡೆಯಲ್ಲಿ ಕೋವಿಯ ನಳಿಗೆ ಬಾಗಿಸಿ ತೆರೆದು, ತುಂಬಲು ಜೇಬಿಗೆ ಕೈ ಹಾಕಿದ. ಒಬ್ಬಳನ್ನು ಎತ್ತಿ ನೋಡಿದ, ಗಂಧ ಮೆತ್ತಿದ ಮೂತಿ. ಹೆಬ್ಬೆರಳು ಗಂಧದ ಮೇಲೆ ಒಂದು ಕ್ಷಣ ನಿಂತಿತು. ಚೌಡ ಏನೋ ಅನ್ನಲು ಬಾಯಿ ತೆರೆದ.

“ಪೂಜೆಯ ಗಂಧ ಕಣೋ, ತಾನಾಗೇ ಉದುರಬೇಕು. ಕೆರೆದರೆ ಒಳ್ಳೇದಾಗ್ತದಾ?” ಎಂದ ಪೆಮ್ಮಯ್ಯ. “ಇಷ್ಟು ವರ್ಷ ಹಿಡಿದಿದ್ದೀನಿ. ಕೈಗೇ ಗೊತ್ತಾಗ್ತದೆ.”

ಕೈಗೆ ಹೇಗೆ ಗೊತ್ತಾಗಬೇಕು? ತೂಕ ಒಂದೇ, ಉದ್ದ ಒಂದೇ ಎಂದು ಆಗಲೇ ಹೇಳಿದೆನಲ್ಲ. ಅವನು ಎತ್ತಿದ್ದು ನನ್ನ ತಂಗಿಯನ್ನು. ಅವಳು ಎಡನಳಿಗೆಗೆ ಹೋದಳು. ಮತ್ತೆ ಜೇಬಿಗೆ ಕೈ ಬಂತು. ಬೆರಳುಗಳು ನನ್ನನ್ನು ಸವರಿದವು, ಒಮ್ಮೆ ಹಿಡಿದವು, ಬಿಟ್ಟವು. ಪಕ್ಕದಲ್ಲಿದ್ದ ಸಾಫ್ಟನ್ನು ಎತ್ತಿಕೊಂಡವು. ಕೂಗಬೇಕೆಂದರೆ ನನಗಿರುವುದು ಒಂದೇ ಕೂಗು. ಅದಕ್ಕೂ ಕೋವಿ ಬೇಕು.

ಮೊದಲು ಸಿಡಿದದ್ದು ಬಲನಳಿಗೆ. ಗುಂಡು ಸಲಗದ ಹಣೆಗೇ ಬಿತ್ತು, ಅವನ ಗುರಿ ತಪ್ಪುವುದಿಲ್ಲ. ಆನೆ ಒಮ್ಮೆ ತಲೆ ಕೊಡವಿತು. ಆಮೇಲೆ ಬಂತು. ಎಡನಳಿಗೆಯ ಕುದುರೆ ಎಳೆಯುವಷ್ಟು ಹೊತ್ತು ಅವನಿಗೆ ಸಿಗಲಿಲ್ಲ.

ಆ ಮಧ್ಯಾಹ್ನ ಅಂಗಳದಲ್ಲಿ ಎರಡು ಗುಂಡು ಹಾರಿದವು.

ಲಂಟಾನದ ಪೊದೆಯೊಳಗೆ ಬಿದ್ದಿದ್ದ ರೈಫಲ್ಲನ್ನೂ ಜೇಬಿನಲ್ಲಿದ್ದ ನಮ್ಮನ್ನೂ ಚೌಡ ತಂದು ದೇಚವ್ವನ ಮುಂದಿಟ್ಟ. ಜನ ಹೋದ ಮೇಲೆ ಅವಳು ಉಗುರಿನಿಂದ ನನ್ನ ಮೂತಿಯ ಗಂಧ ಕೆರೆದಳು. ಉಕ್ಕು ಹೊಳೆಯಿತು. ಎಡನಳಿಗೆಯಲ್ಲಿ ಸಿಡಿಯದೆ ಉಳಿದಿದ್ದ ತಂಗಿಯನ್ನು ಕೆರೆದಳು. ಅಲ್ಲೂ ಉಕ್ಕು. ಆನೆಗೆಂದು ಇದ್ದ ಇಬ್ಬರೂ ಅವಳ ಮಡಿಲಲ್ಲೇ ಇದ್ದೆವು. ಹಾಗಾದರೆ ಅವನು ಹೊಡೆದದ್ದು ಯಾವುದು ಎಂದು ಅವಳಿಗೆ ತಿಳಿಯಿತು. ಉಗುರ ಸಂದಿನಲ್ಲಿ ಸಿಕ್ಕಿದ ಗಂಧವನ್ನು ನೋಡುತ್ತ ಬಹಳ ಹೊತ್ತು ಕೂತಳು. ಅಳಲಿಲ್ಲ.

ಮೈದುನ ಉತ್ತಯ್ಯ ಆ ಸಲಗದ ಬೆನ್ನು ಹತ್ತಿದ. ದೇಚವ್ವ ನಮ್ಮಿಬ್ಬರನ್ನು ಬಟ್ಟೆಯಿಂದ ಫಳಫಳ ಒರೆಸಿ ಅವನ ಕೈಗೆ ಕೊಟ್ಟಳು.

“ಮೂತಿ ನೋಡಿ ತುಂಬಿಕೋ, ಉತ್ತಯ್ಯ. ದೇವರಾಣೆ, ನೋಡಿ ತುಂಬಿಕೋ.”

ತಂಗಿಯೊಬ್ಬಳೇ ಸಾಕಾದಳು. ಆನೆ ನಿಂತಲ್ಲೇ ಕುಸಿಯಿತು. ನಾನು ಪಕ್ಕದ ನಳಿಗೆಯಲ್ಲಿ ಅವಳ ಬಿಸಿಯನ್ನಷ್ಟೇ ಪಡೆದು ಮನೆಗೆ ಮರಳಿದೆ.

ಅತ್ತೆ ಕೆಲವು ಸಲ ಮರುಮದುವೆಯ ಮಾತೆತ್ತಿದರು. “ಬೇಡ ಅತ್ತೆ” ಎಂದಷ್ಟೇ ಹೇಳಿ ದೇಚವ್ವ ಎದ್ದು ಹೋಗುತ್ತಿದ್ದಳು. ನನ್ನನ್ನೂ ಉಳಿದ ಒಂದು ಸಾಫ್ಟನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ತನ್ನ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಳು. ಸಾಫ್ಟಿಗೂ ನನಗೂ ಮಾತಿರಲಿಲ್ಲ. ಏನು ಮಾತಾಡುವುದು?

ಉತ್ತಯ್ಯನಿಗೆ ಮಗ ಹುಟ್ಟಿದ. ಅಂಗಳದಲ್ಲಿ ಒಂದು ಗುಂಡು ಹಾರಿತು. ಮಗುವಿಗೆ ಜೇನು ನೆಕ್ಕಿಸಿದವಳು ದೇಚವ್ವನೇ. ನೆಕ್ಕಿಸಿ, ಕೋಣೆಗೆ ಬಂದು, ಡಬ್ಬಿ ತೆರೆದು ನನ್ನನ್ನು ಅಂಗೈಯಲ್ಲಿ ಹಿಡಿದು ಕೂತಳು. ಮನೆ ತುಂಬ ನಗು. ನಾವಿಬ್ಬರು ಒಳಗೆ. ಆ ಅಂಗೈ ಈಗ ತಣ್ಣಗಿತ್ತು.

ಬೇಟೆಯೂ ನಿಂತುಹೋಯಿತು, ಕಾನೂನು ಬಂತು. ಹಬ್ಬ ಮಾತ್ರ ಪ್ರತಿವರ್ಷ ಬರುತ್ತಿತ್ತು. ಅಂದು ನನ್ನನ್ನು ದೀಪದ ಮುಂದಿಟ್ಟು ಅವಳು ಹೂ ಹಾಕುತ್ತಿದ್ದಳು. ಉತ್ತಯ್ಯನ ಮಗ ಬೋಪಣ್ಣ ಬೆಳೆದು ಒಮ್ಮೆ ಕೇಳಿದ: “ದೊಡ್ಡವ್ವ, ಗಂಧ ಯಾಕೆ ಇಡಲ್ಲ ನೀನು?”

“ಹೂ ಸಾಕು ಮಗ.”

ಮುತ್ತವ್ವ ಹಬ್ಬದ ದಿನ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದಳು. ಬೇರೆ ದಿನ ಬಂದು ಎಲೆಅಡಿಕೆ ಹಾಕುತ್ತ ಊರ ಸುದ್ದಿಯೆಲ್ಲ ಆಡುವಳು. ಗಂಧದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಹೀಗೆ ದೇಚವ್ವನಿಗೆ ತಲೆ ಪೂರ್ತಿ ಬೆಳ್ಳಗಾಯಿತು, ನನ್ನ ಹಿತ್ತಾಳೆ ಕಪ್ಪಗಾಯಿತು. ಒಂದು ಬೆಳಗ್ಗೆ ಅವಳು ಏಳಲಿಲ್ಲ.

ಬೋಪಣ್ಣ ಡಬ್ಬಿ ತೆರೆದ. ಕಣ್ಣು ಕೆಂಪಾಗಿತ್ತು. “ದೊಡ್ಡವ್ವನಿಗೆ ದೊಡ್ಡಪ್ಪನ ಕೋವಿಯಲ್ಲೇ ಗೌರವ ಕೊಡಬೇಕು” ಎಂದ. ಸಾಫ್ಟನ್ನು ಬಲನಳಿಗೆಗೆ ಹಾಕಿದ, ನನ್ನನ್ನು ಎಡನಳಿಗೆಗೆ. ಅಂಗಳಕ್ಕೆ ಬಂದು ಕೋವಿಯನ್ನು ಆಕಾಶಕ್ಕೆ ಎತ್ತಿದ. ಅಂತೂ ನನ್ನ ಸರದಿ ಬಂತು ಎಂದು ಮೈ ಬಿಗಿಹಿಡಿದೆ.

ಬಲನಳಿಗೆ ಗುಡುಗಿತು. ಬೆಟ್ಟ ತಿರುಗಿ ಗುಡುಗಿತು. ಆಮೇಲೆ ಕೋವಿಯೊಳಗಿನ ಸೂಜಿ ನನ್ನ ಬೆನ್ನಿಗೆ ಬಡಿಯಿತು.

ಟಕ್.

ಅಷ್ಟೇ. ನನ್ನ ಮದ್ದು ಎಂದೋ ಸತ್ತುಹೋಗಿತ್ತು. ಅದು ನನಗೇ ಗೊತ್ತಿರಲಿಲ್ಲ.

ಕಣಿವೆ ಕೇಳಿಸಿಕೊಂಡದ್ದು ಒಂದೇ ಗುಂಡು. ಬೇಲಿಯಾಚೆಯಿಂದ ಮುತ್ತವ್ವ ಕೋಲೂರಿಕೊಂಡು, ಬೊಚ್ಚುಬಾಯಿ ಅಗಲಿಸಿ ಬಂದಳು.

“ಏನೋ ಬೋಪಣ್ಣ, ಯಾರಿಗೋ ಮಗ? ನನಗೆ ಒಂದು ಮಾತು ಹೇಳಬಾರದಾ?”

ಅವಳು ಜಗಲಿಯ ಚಾಪೆಯನ್ನು ನೋಡಿದಳು. ನಗು ಹಾಗೇ ಮುಖದಲ್ಲಿ ನಿಂತುಬಿಟ್ಟಿತು. ಮೆಲ್ಲನೆ ಬಂದು ಕೂತು ದೇಚವ್ವನ ಕೈ ಹಿಡಿದಳು. ಆ ಬೆರಳುಗಳ ಉಗುರು ಒಂದೊಂದನ್ನೂ ತನ್ನ ಸೆರಗಿನಿಂದ ಒರೆಸಿದಳು.

“ಮುಖಕ್ಕೆ ಇಡು ಅಂದವಳು ನಾನು ಕಣೇ” ಎಂದಳು. “ಇಷ್ಟು ಕಾಲ ಒಂದು ಸಲ ನನ್ನ ಬೈಯಲಿಲ್ಲವಲ್ಲ ನೀನು.”

ಬೋಪಣ್ಣ ಒಳಗಿನಿಂದ ಬೇರೆ ಕೋವಿ ತಂದ, ಕ್ರಮದಂತೆ ಎರಡು ಗುಂಡು ಹೊಡೆಯಲು. ಮುತ್ತವ್ವ ಕೈ ಎತ್ತಿ ತಡೆದಳು.

“ಇರು ಮಗ. ಇವಳ ಪಾಲಿನ ಒಂದು ಗುಂಡು ಇವತ್ತು ಕೇಳಿಸಿದೆ. ಗದ್ದೆಯವರು ನಗ್ತಾ ಬರ್ತಿದ್ದಾರೆ ನೋಡು. ಅವರು ಅಂಗಳ ಮುಟ್ಟೋವರೆಗೆ ಇರಲಿ.”

ಅವನು ಕೋವಿ ಇಳಿಸಿದ. ಜನ ನಗುತ್ತ ಏರಿ ಬರುತ್ತಿದ್ದರು.

ಈಗ ನಾನು ದೀಪದ ಗೂಡಿನಲ್ಲಿದ್ದೇನೆ, ಒಂಟಿಯಾಗಿ. ಯಾರಿಗೂ ಬೇಡದ ತೋಟೆ. ಆದರೆ ನನ್ನ ಬೆನ್ನಿನ ನಡುವೆ ಸೂಜಿ ಬಡಿದ ಒಂದು ಸಣ್ಣ ಗುಳಿಯಿದೆ, ಹೆಬ್ಬೆರಳಿಗೆ ಸಿಗುವಷ್ಟು. ದೀಪ ಹಚ್ಚಲು ಬಂದ ಮನೆಯ ಮಕ್ಕಳು ಅದನ್ನು ಮುಟ್ಟಿ ಇದೇನೆಂದು ಕೇಳುತ್ತವೆ. ಒಂದು ಸಲ ನನ್ನನ್ನೂ ಆರಿಸಿಕೊಂಡಿದ್ದರು ಎಂಬುದಕ್ಕೆ ಇರುವ ಗುರುತು ಅದೊಂದೇ.